ಚಾಲು

ಬೂದೆಪ್ಪ ಗಂಟು ಬಿಚ್ಚಿ ಮತ್ತೆ ಕಟ್ಟಿದ. ಆದರೂ ಗೋಡೆಗೆ ಒರಗಿಸಿ ಕೂರಿಸಿದ್ದ ಸುಂದರಾಬಾಯಿಯ ತಲೆ ಒಂದು ಕಡೆ ವಾಲುತ್ತಿತ್ತು.

"ಇದ್ದಾಗನೂ ಹಿಂಗೇ. ಫೋಟೋ ತೆಗಿಯವ್ರು ನೆಟ್ಟಗ ಕೂಡ್ರಿ ಅಂದ್ರ ಕೂಡ್ತಿರ್ಲಿಲ್ಲ," ಅಂದ. ಮೆಹದಿಪಟ್ಟಣಂನಲ್ಲಿ ಬೀದರ ಕಡೆಯ ಲಿಂಗಾಯತರ ಮನೆಯಲ್ಲಿ ಸಾವಾದರೆ, ಹೆಣ ಕೂರಿಸಿ ಕಟ್ಟಲು ಅವನನ್ನೇ ಕರೆಯುತ್ತಿದ್ದರು.

ಮಗ ಶರಣಕುಮಾರ ತಾಯಿಯ ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಬೆರಳು ಮಡಚಿದ. ಸೊಸೆ ವೇದವತಿ ಹಣೆಗೆ ವಿಭೂತಿ ಹಚ್ಚುತ್ತಿದ್ದಳು. ಅಷ್ಟರಲ್ಲಿ ಸುಂದರಾಬಾಯಿಯ ತಂಗಿ ಕಸ್ತೂರಿಬಾಯಿ ಬೀದರಿನಿಂದ ಬಂದು ತಲುಪಿದಳು. ಅತ್ತು, ಮೂಗು ಒರೆಸಿಕೊಂಡು ಕೇಳಿದಳು:

"ಜೀವ ಹೋಗಾಗ ಬಾಜೂಕ ಯಾರಿದ್ರು?"

"ಯಾದಮ್ಮ ಇದ್ಳು, ಮಾವಶಿ," ಎಂದ ಶರಣಕುಮಾರ.

ಯಾದಮ್ಮ ಮುದುಕಿಯನ್ನು ನೋಡಿಕೊಳ್ಳಲು ಇಟ್ಟಿದ್ದ ಹೆಂಗಸು. ಅವಳಿಗೆ ತೆಲುಗು ಬಿಟ್ಟರೆ ಬೇರೆ ಬಾರದು. ಕಸ್ತೂರಿಬಾಯಿಗೆ ತೆಲುಗು ಬಾರದು. ಯಾದಮ್ಮ ಹೇಳಿದ್ದನ್ನು ಶರಣಕುಮಾರ ಕನ್ನಡದಲ್ಲಿ ಹೇಳಿದ: "ಮುಂಜಾನೆ ಕಣ್ಣು ತೆರದು 'ಸಾಕು' ಅಂದ್ಳಂತ. ಅಷ್ಟೇ. ಆಮ್ಯಾಲ ಉಸಿರಿಲ್ಲ."

"ಸಾಕು ಅಂದ್ಳಾ?" ಕಸ್ತೂರಿಬಾಯಿ ವೇದವತಿಯ ಕಡೆ ತಿರುಗಿದಳು. "ನಮ್ಮಕ್ಕ ಯಾವುದಕ್ಕೂ ಸಾಕು ಅಂದಾಕಿ ಅಲ್ಲ. ಅಂಥಾಕಿಗಿ ಸಾಕು ಅನಸ್ಬೇಕಂದ್ರ ಈ ಮನ್ಯಾಗ ಏನೇನ್ ನಡದಿತ್ತೋ, ಆ ಶಿವನೇ ಬಲ್ಲ."

ವೇದವತಿ ವಿಭೂತಿಯ ತಟ್ಟೆ ಕೆಳಗಿಟ್ಟು ಅಡುಗೆಮನೆಗೆ ಹೋದಳು. ಒಲೆಯ ಪಕ್ಕ ನಿನ್ನೆಯ ಗಂಜಿಯ ಪಾತ್ರೆ ತೊಳೆಯದೆ ಕೂತಿತ್ತು. ಮುದುಕಿ ಬಾಯಿ ಬಿಗಿಹಿಡಿದಾಗ, ತಾನೇ ಗಲ್ಲ ಒತ್ತಿ ತೆರೆಸಿ ಕುಡಿಸಿದ್ದಳು. ಕೊನೆಯ ಚಮಚ ಕೆನ್ನೆಯ ಮೇಲೆ ಹರಿದಿತ್ತು.

* * *

ಮದುವೆಯಾಗಿ ಮೆಹದಿಪಟ್ಟಣಂನ ವಠಾರಕ್ಕೆ ಬರುವ ತನಕ ಸುಂದರಾಬಾಯಿ ನಳ ನೋಡಿರಲಿಲ್ಲ. ಅವಳ ಊರು ಮಾಂಜ್ರಾ ನದಿಯ ದಂಡೆಯದು. ಅಲ್ಲಿ ನೀರಿನ ಹತ್ತಿರ ಮನುಷ್ಯರೇ ಇಳಿದು ಹೋಗಬೇಕು. ಇಲ್ಲಿ ಅಂಗಳದ ನಡುವೆ ಒಂದು ಕಬ್ಬಿಣದ ಕೊಳವೆ, ಸುತ್ತ ಕೊಡಗಳು. ಮೊದಲ ದಿನ ಅದು ಕೆಮ್ಮಿತು. ಗಾಳಿ ಉಗುಳಿತು. ಕೆಂಪು ನೀರು ಬಂತು, ಅದರ ಹಿಂದೆ ತಿಳಿನೀರು.

"ಚಾಲೂ! ಚಾಲೂ ಆತ್ರೀ!" ಎಂದು ಕೂಗಿದಳು. ಅವಳ ಊರಲ್ಲಿ ಹಿಟ್ಟಿನ ಗಿರಣಿ ಶುರುವಾದರೂ ಭಜನೆ ಶುರುವಾದರೂ ಅದೇ ಮಾತು.

ನಳದ ಕೆಳಗೆ ಕೊಡ ಹಿಡಿದಿದ್ದ ತೆಲುಗಿನ ಹೆಂಗಸು ಗಾಬರಿಯಾಗಿ ಕೊಡ ಎತ್ತಿಬಿಟ್ಟಳು. ತೆಲುಗಿನಲ್ಲಿ ಚಾಲು ಅಂದರೆ ಸಾಕು. ಸುಂದರಾಬಾಯಿ ಇನ್ನೊಮ್ಮೆ ಕೂಗಿದಳು, ಎರಡನೆಯವಳೂ ಎತ್ತಿದಳು. ನೀರು ಕಲ್ಲಿನ ಮೇಲೆ ಬಿದ್ದು ಹರಿಯಿತು. ಆಮೇಲೆ ಇಡೀ ವಠಾರ ನಕ್ಕಿತು.

ಗಂಡ ಅಮರೇಶಪ್ಪ ಸರ್ಕಾರಿ ಕಚೇರಿಯ ಗುಮಾಸ್ತ. ಅವಳು ಅವನನ್ನು ಕೇಳಿದಳು: "ಎಲ್ಲಿಂದ ಬರ್ತದರಿ ಇದು?"

"ಗಂಡಿಪೇಟ ಕೆರಿದೂ ಇರ್ತದ, ಮಾಂಜ್ರಾದ್ದೂ ಇರ್ತದ."

"ನಮ್ಮ ಮಾಂಜ್ರಾ?"

"ಮತ್ತ್ಯಾವ್ದು?"

ಅವಳು ನಳವನ್ನೇ ನೋಡಿದಳು. "ನಾ ಬಸ್ಸಿನ್ಯಾಗ ಅಳ್ಕೋತ ಬಂದೆ. ಇದಕ್ಕ ಯಾರು ದಾರಿ ತೋರಿಸಿದ್ರು?"

ಅಮರೇಶಪ್ಪ ಕೊಳವೆಗಳ ವಿಷಯ ವಿವರಿಸಿದ. ಅವಳು ಪೂರ್ತಿ ಕೇಳಿದಳು, ಒಪ್ಪಿಕೊಂಡಳು. ಆದರೂ ಮುಂದೆ ಎಷ್ಟೋ ವರ್ಷ, ನೀರು ಬಂದಾಗೆಲ್ಲ ಕೆಲಸ ಬಿಟ್ಟು ಅಂಗಳಕ್ಕೆ ಬಂದು, ಆಗಷ್ಟೇ ಹುಟ್ಟಿದ ಕರುವನ್ನು ನೋಡುವ ಹಾಗೆ ಬೆರಗಾಗಿ ನಿಲ್ಲುತ್ತಿದ್ದಳು.

* * *

ಹೆಣ ಕೂರಿಸಿದ್ದ ಹೂವಿನ ಗಾಡಿಯ ಹಿಂದೆ ಆಟೋದಲ್ಲಿ ವೇದವತಿ, ಕಸ್ತೂರಿಬಾಯಿ, ಯಾದಮ್ಮ ಒತ್ತಿಕೊಂಡು ಕೂತಿದ್ದರು. ಬಸ್ಸುಗಳ ನಡುವೆ ಭಜನೆ ತುಂಡುತುಂಡಾಗಿ ಕೇಳುತ್ತಿತ್ತು.

"ಸಣ್ಣತ್ತಿ," ವೇದವತಿ ರಸ್ತೆ ನೋಡುತ್ತಲೇ ಅಂದಳು. "ನಿನ್ನಿ ನಾನೇ ಬಾಯಿ ತೆಗ್ಸಿ ಗಂಜಿ ಹಾಕೀನಿ. ಖಾಲಿ ಹೊಟ್ಟಿಲಿ ಇರಬಾರ್ದಂತ. ಅದಕ್ಕೇ ಅತ್ತಿ ಸಾಕು ಅಂದಾರ."

ಕಸ್ತೂರಿಬಾಯಿ ಯಾದಮ್ಮನ ತೊಡೆ ತಟ್ಟಿದಳು. "ಏ ಅವ್ವಾ, ಅಕಿ ಏನಂದ್ಳು? ಅಕಿ ಅಂದಂಗೇ ಅಂದು ತೋರ್ಸು."

ಇದೇ ಊರಿನ ನಾರಾಯಣಗೂಡದಲ್ಲಿ ಬೆಳೆದ ವೇದವತಿಗೆ ತೆಲುಗು ಸಲೀಸು. ಮಾತು ದಾಟಿಸಿದಳು.

"ಚಾಲೂ," ಎಂದಳು ಯಾದಮ್ಮ, ಕೊನೆಯನ್ನು ಎಳೆದು.

"ಚಾಲೂ? ನಿನ್ನ ಗಂಡ ಸಾಕು ಅಂದ್ಳು ಅಂದ್ನಲ್ಲ?"

"ತೆಲುಗಿನಾಗ ಚಾಲು ಅಂದ್ರ ಅದೇ, ಸಣ್ಣತ್ತಿ."

"ನಿಮ್ಮ ತೆಲುಗಿಗಿ ಬೆಂಕಿ ಹತ್ತಲಿ! ಅಕಿ ಯಾವಾಗ ನೆಟ್ಟಗ ತೆಲುಗು ಮಾತಾಡ್ಯಾಳ?" ಕಸ್ತೂರಿಬಾಯಿಗೆ ನಗು ಬಂತು. ಸೆರಗು ಬಾಯಿಗೆ ಒತ್ತಿಕೊಂಡರೂ ತಡೆಯಲಾಗಲಿಲ್ಲ. ಆಟೋದವನು ಕನ್ನಡಿಯಲ್ಲಿ ನೋಡಿದ. "ಮದುಮಗಳ ಜೋಡಿ ನನ್ನ ಕಳಸಿದ್ರು. ನಾ ಅಲ್ಲೇ ಇದ್ದೆ. ನೀರು ಚಾಲೂ ಆತು ಅಂತ ಇಕಿ ಒದರತಾಳ, ಅವ್ರು ಸಾಕಂತ ತಿಳ್ಕೊಂಡು ಖಾಲಿ ಕೊಡ ಹೊತ್ಗೊಂಡು ನಿಂತಾರ!"

ವೇದವತಿ ನಗಲಿಲ್ಲ. ಯಾದಮ್ಮನನ್ನು ತೆಲುಗಿನಲ್ಲಿ ಕೇಳಿದಳು: ಆಗ ನಿನ್ನ ಕೈಯಲ್ಲಿ ಚಮಚ ಇತ್ತೇ? ನೀರು ಕುಡಿಸುತ್ತಿದ್ದೆಯಾ?

ಇಲ್ಲ, ಹೊದಿಕೆ ಮಡಚುತ್ತಿದ್ದೆ ಎಂದಳು ಯಾದಮ್ಮ. ಯಾರೂ ಏನೂ ಕೊಡುತ್ತಿರಲಿಲ್ಲ. ಅಮ್ಮ ಎದುರಿನ ಗೋಡೆ ನೋಡುತ್ತಿದ್ದರು. ತಾವಾಗಿಯೇ ಅಂದರು.

"ಏನಂತಾಳ? ನಳ ಬಂದಿತ್ತಂತಾ?" ಎಂದಳು ಕಸ್ತೂರಿಬಾಯಿ.

"ಈಗ ನಳ ಎಲ್ಲದ, ಸಣ್ಣತ್ತಿ. ನೀರು ನೆಲದಾಗಿನ ಟಾಕಿಗಿ ಬೀಳ್ತದ, ಮನ್ಯಾಗ ಸಪ್ಪಳನೇ ಕೇಳ್ಸೂದಿಲ್ಲ. ಅದೂ ಇವತ್ತು ನೀರು ಬಿಡೂ ದಿನ ಅಲ್ಲ."

"ಮತ್ತ ಏನು ಚಾಲೂ ಆತು?"

ಮುಂದಿನ ಗಾಡಿ ಸಿಗ್ನಲ್ಲಿನಲ್ಲಿ ನಿಂತಿತ್ತು. ಚೆಂಡುಹೂವಿನ ನಡುವೆ ಸುಂದರಾಬಾಯಿ ಇವರ ಕಡೆ ಮುಖ ಮಾಡಿ ಕೂತಿದ್ದಳು. ಹಸಿರು ದೀಪ ಬಿತ್ತು. ಅವಳು ಹಿಮ್ಮುಖವಾಗಿ, ನಿಧಾನಕ್ಕೆ, ತೇಲಿದ ಹಾಗೆ ದೂರ ಸರಿದಳು.

* * *

ರುದ್ರಭೂಮಿಯಲ್ಲಿ ಗುಂಡಿಯೊಳಗಿನ ಗೂಡಿನಲ್ಲಿ ಅವಳನ್ನು ಕೂರಿಸಿದರು. ಉಪ್ಪು, ವಿಭೂತಿ, ಬಿಲ್ವಪತ್ರೆ ಬಿದ್ದವು. ಅಯ್ಯನವರ ಮಂತ್ರ ಮುಗಿಯಿತು. ಶರಣಕುಮಾರ ಮಣ್ಣು ಹಾಕಿ, ಮುಖ ಮುಚ್ಚಿಕೊಂಡು ಸರಿದ.

ವೇದವತಿ ಬೇವಿನ ಮರದ ಬುಡದಲ್ಲಿ, ಎಲ್ಲರಿಗಿಂತ ಹಿಂದೆ ನಿಂತಿದ್ದಳು. ಕಸ್ತೂರಿಬಾಯಿ ಅಲ್ಲಿಗೇ ಹೋಗಿ ಅವಳ ಮೊಳಕೈ ಹಿಡಿದಳು.

"ನಡಿಯವ್ವ. ನಂದು ಆಮ್ಯಾಲ. ಮೊದ್ಲ ನೀ ಹಾಕು."

ವೇದವತಿ ಚಪ್ಪಲಿ ಬಿಟ್ಟು ಅಂಚಿಗೆ ಬಂದು, ಎರಡೂ ಕೈ ಜೋಡಿಸಿ ಒಡ್ಡಿದಳು. ಗುಂಡಿ ತೋಡಿದವನು ಬೊಗಸೆಯ ತುಂಬ ಮಣ್ಣು ಸುರಿದ. ಬಿಸಿಲಿಗೆ ಬಿದ್ದಿದ್ದ ಮಣ್ಣು ಬೆಚ್ಚಗಿತ್ತು. ಹಾಕಲು ಬಾಗಿದವಳು ಹಾಗೇ ನಿಂತಳು. ಮಣ್ಣಿನೊಳಗಿಂದ ಒಂದು ಇರುವೆ ತಲೆ ಎತ್ತಿ ಹೊರಬಂತು. ವಿಭೂತಿ ಮೆತ್ತಿದ ಅವಳ ಹೆಬ್ಬೆರಳು ಹತ್ತಿ, ಉಗುರಿನ ತುದಿಯಲ್ಲಿ ನಿಂತು, ಮುಂಗಾಲುಗಳಿಂದ ಮೀಸೆ ಒರೆಸಿಕೊಂಡಿತು.

ಹಿಂದೆ ಸಾಲಿನಲ್ಲಿದ್ದವರು ಕಾಯುತ್ತಿದ್ದರು. ವೇದವತಿ ಕೈ ಅಲುಗಿಸದೆ, ನಳದ ಮುಂದೆ ಅತ್ತೆ ನಿಲ್ಲುತ್ತಿದ್ದ ಹಾಗೆ, ಬೆರಗಾಗಿ ಅದನ್ನೇ ನೋಡುತ್ತ ನಿಂತಿದ್ದಳು.