ಶಿವಲಿಂಗಮ್ಮನ ಬೆಣೆ

ಬೆಳಕು ಹರಿಯುವ ಮುಂಚೆ ತಿಪ್ಪಸಂದ್ರದ ಶಿವಲಿಂಗಮ್ಮ ಕೊಟ್ಟಿಗೆ ಬಾಚಿ, ಹಾಲು ಕರೆದು, ಡೈರಿಗೆ ಹೋಗುವ ಕ್ಯಾನನ್ನು ಜಗಲಿಗೆ ತಂದಿಟ್ಟು, ಅಂಗಳಕ್ಕೆ ನೀರು ಹಾಕಿ, ರೇಷ್ಮೆಹುಳುವಿನ ತಟ್ಟೆಗಳಿಗೆ ಸೊಪ್ಪು ಹರಡಿ, ಅತ್ತೆಗೆ ಬಿಸಿನೀರು ಕಾಯಿಸಿ, ಎಸರಿಟ್ಟು, ಹಿಟ್ಟು ಸುರಿದು, ಬೆಂದ ಪಾತ್ರೆಯನ್ನು ಒಲೆಯಿಂದ ಇಳಿಸಿ, ಗೋಣಿತಾಟು ಸುತ್ತಿ ಎರಡು ಪಾದಗಳ ನಡುವೆ ಅಮುಕಿ ಹಿಡಿದು ಆರು ಜನರ ಮುದ್ದೆ ತೊಳಸಿ, ಅದರಲ್ಲಿ ಒಂದನ್ನು ತನ್ನ ಡಬ್ಬಿಗೆ ಹಾಕಿಕೊಂಡು ಮಾಗಡಿಯ ಮೊದಲ ಬಸ್ಸಿಗೆ ಬಂದು ನಿಲ್ಲುವ ಹೊತ್ತಿಗೆ, ಗಂಡ ಸಿದ್ದಗಂಗಯ್ಯ ಎದ್ದು ಬಾಯಿ ಮುಕ್ಕಳಿಸುತ್ತಿದ್ದ. ‘ನಮ್ಮವಳು ಎಂಟು ಗಂಟೆಗೆ ಕೆಲ್ಸಕ್ಕೆ ಸೇರ್ಕೋತಾಳೆ’ ಎಂದು ಅವನು ಕೇಳಿದವರಿಗೆಲ್ಲ ಹೇಳುತ್ತಿದ್ದ. ಎಂಟಕ್ಕೆ ಮುಂಚಿನದಕ್ಕೆ ಆ ಮನೆಯಲ್ಲಿ ಹೆಸರಿರಲಿಲ್ಲ.

ಅಲುಗುವುದನ್ನು ಅಲುಗಲು ಬಿಟ್ಟು ಆಕೆ ಸುಮ್ಮನಿದ್ದುದನ್ನು ಕಂಡವರಿಲ್ಲ. ಕುಂಟುವ ಮಣೆ, ಸಡಿಲವಾದ ಬಾಗಿಲು, ಒಲೆಯ ಮೇಲೆ ತೊನೆಯುವ ಪಾತ್ರೆ, ಯಾವುದು ಕಣ್ಣಿಗೆ ಬಿದ್ದರೂ ಕೈ ತಾನಾಗಿ ಸೊಂಟದ ಮಡಿಲಿಗೆ ಹೋಗುತ್ತಿತ್ತು. ಆ ಮಡಿಲಲ್ಲಿ ಹೆಂಚಿನ ಚೂರು, ಮರದ ಚಕ್ಕೆ, ಮಡಿಸಿದ ರಟ್ಟು, ಹಳೆಯ ಸೀರೆಯ ಅಂಚು ಸದಾ ಇರುತ್ತಿದ್ದವು. ಬಸ್ಸಿನಲ್ಲಿ ಗಡಗಡ ಎನ್ನುವ ಕಿಟಕಿಯ ಪಕ್ಕ ಕುಳಿತರೆ ಟಿಕೆಟ್ಟನ್ನೇ ನಾಲ್ಕಾಗಿ ಮಡಿಸಿ ಸಂದಿಗೆ ತುರುಕುತ್ತಿದ್ದಳು. ಚೆಕಿಂಗ್‌ನವರು ಬಂದಾಗ ಕಂಡಕ್ಟರನೇ ಕಿಟಕಿ ತೋರಿಸಿ, ‘ಆವಮ್ಮನ ಟಿಕೆಟ್ಟು ಡೂಟಿ ಮೇಲೈತೆ ಸಾರ್’ ಎಂದನಂತೆ.

ನಾನು ಆಕೆಯನ್ನು ಕಂಡದ್ದು ೨೦೦೭ರಲ್ಲಿ. ಆಗ ನಾನು ಕನಕಪುರದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲೊಂದರ ವಾರ್ಡನ್. ನೂರೆಂಬತ್ತು ಹುಡುಗಿಯರಿಗೆ ದಿನಕ್ಕೆ ಎರಡು ಹೊತ್ತು ಮುದ್ದೆ ತೊಳಸಿ ತೊಳಸಿ ನಮ್ಮ ಅಡುಗೆಯ ಚಿನ್ನಮ್ಮನ ಬಲಗೈ ಭುಜಕ್ಕಿಂತ ಮೇಲೆ ಏಳುವುದನ್ನೇ ನಿಲ್ಲಿಸಿತ್ತು. ತಲೆ ಬಾಚಿಕೊಳ್ಳಲು ಹುಡುಗಿಯರನ್ನು ಕರೆಯುತ್ತಿದ್ದಳು. ಮಾಗಡಿಯಿಂದ ಸಾವನದುರ್ಗಕ್ಕೆ ಹೋಗುವ ರಸ್ತೆಯ ಶೆಡ್ಡೊಂದರಲ್ಲಿ ರುದ್ರಪ್ರಸಾದ್ ಎಂಬವರು ಮುದ್ದೆ ತೊಳಸುವ ಯಂತ್ರ ಮಾಡುತ್ತಿದ್ದಾರೆಂದು ಕೇಳಿ, ಒಂದಕ್ಕೆ ಬೇಡಿಕೆ ಕೊಟ್ಟು, ಮಾಡುವುದನ್ನು ನೋಡಿ ಬರಲು ಚಿನ್ನಮ್ಮನನ್ನೂ ಕರೆದುಕೊಂಡು ಹೋಗಿದ್ದೆ.

ಸೀರೆಯ ಮೇಲೆ ಗಂಡಸರ ಖಾಕಿ ಕೋಟು, ತೋಳು ಮೂರು ಮಡಿಕೆ. ಎಡಸೊಂಟದಲ್ಲಿ ಕಾಣದ ಕೊಡವೊಂದು ಇನ್ನೂ ಕೂತಿದೆಯೇನೋ ಎಂಬಂತೆ ಒಂದು ಪಕ್ಕಕ್ಕೆ ವಾಲಿದ ನಡಿಗೆ. ಶೆಡ್ಡಿನಲ್ಲಿ ಕಸ ಗುಡಿಸಲು ಸೇರಿದ್ದ ಶಿವಲಿಂಗಮ್ಮ, ಅಲ್ಲಿ ಮುದ್ದೆಯ ಹದ ಬಲ್ಲವರು ಬೇರೆ ಯಾರೂ ಇಲ್ಲದ್ದರಿಂದ ಯಂತ್ರದ ಬಳಿಗೆ ಬಂದಿದ್ದಳು. ದೊಡ್ಡ ಸ್ಟೀಲ್ ಪಾತ್ರೆ, ಮೇಲಿನಿಂದ ಇಳಿದ ಮೋಟಾರು, ಅದರ ತುದಿಗೆ ತಿರುಗುವ ಉಕ್ಕಿನ ಕೋಲು, ಇಷ್ಟೇ ಯಂತ್ರ. ಹಿಟ್ಟು ಗಟ್ಟಿಯಾದಂತೆ ಕೋಲಿಗೆ ಎಷ್ಟು ತಿರುಚುಬಲ ಬೇಕಾಗುತ್ತದೆಂದು ತಿಳಿಯದೆ ರುದ್ರಪ್ರಸಾದ್ ಎರಡು ಮೋಟಾರು ಸುಟ್ಟಿದ್ದರು. ಅದನ್ನು ಅಳೆಯಲೆಂದು ರಾಮನಗರದ ಡಿಪ್ಲೊಮಾ ಹುಡುಗಿ ನವ್ಯಶ್ರೀ ಒಂದು ಟಾರ್ಕ್ ಸೆನ್ಸರ್ ತಂದು ಕೂರಿಸುತ್ತಿದ್ದಳು. ಒಬ್ಬಟ್ಟಿನಗಲದ ದಪ್ಪ ಉಕ್ಕಿನ ಬಿಲ್ಲೆ ಅದು. ಕೆಳಮುಖ ಚೌಕಟ್ಟಿಗೆ, ಮೇಲ್ಮುಖ ಪಾತ್ರೆಯ ತಳಕ್ಕೆ. ತಿರುಗುವ ಕೋಲಿಗೆ ವೈರು ಕಟ್ಟಿದರೆ ವೈರೂ ಸುತ್ತಿಕೊಳ್ಳುತ್ತದೆ, ಹಾಗಾಗಿ ತಿರುಗದ ಕಡೆಯಲ್ಲೇ ಅಳೆಯುವುದು ಎಂದಳು ಆ ಹುಡುಗಿ.

‘ಕೋಲು ತಿರುಗ್ತಾ ಇದ್ರೆ ಪಾತ್ರೆಗೂ ಜೊತೇಲಿ ತಿರುಗೋ ಆಸೆ ಅಕ್ಕಾ. ಹೋಗ್ಬೇಡ ಅಂತ ಹಿಡ್ಕೊಂಡಿರೋದು ಈ ಬಿಲ್ಲೆ. ಎಷ್ಟು ಬಲ ಹಾಕಿ ಹಿಡ್ಕೊಂಡಿದೀನಿ ಅಂತ ಅದೇ ಹೇಳುತ್ತೆ.’

‘ಅಂಗಾರೆ ಇದು ನಮ್ ಕಾಲು ಅನ್ನು.’

‘ಯಾವ ಕಾಲು?’

‘ಪಾತ್ರೆ ಅಮಿಕ್ಕೊಂಡು ಕೂತಿರ್ತದಲ್ಲ, ಆ ಕಾಲು. ತಿರುವೋ ಕೈನ ಎಲ್ರೂ ನೋಡ್ತಾರೆ. ಇಪ್ಪತ್ತೈದು ವರ್ಸ ಆಯ್ತು, ಈ ಕಾಲ್ಗೆ ಯಾರೂ ನಂಬರ್ ಕೊಟ್ಟಿರ್ನಿಲ್ಲ ಕಣವ್ವ.’

ಮೂಲೆಯಲ್ಲಿ ಲೇತಿನ ಮುಂದೆ ನಿಂತಿದ್ದ ಚನ್ನಪಟ್ಟಣದ ಶರೀಫ್ ಸುಮ್ಮನಿರಲಿಲ್ಲ. ‘ಕಾಲ್ಗೆ ನಂಬರ್ ಬಂತು, ಇನ್ನು ತಲೆಗೆ ಯಾವಾಗಕ್ಕಾ?’

‘ನಿನ್ ತಲೆಗೆ ಮೊದ್ಲು ಹಾಕ್ಸು. ಸೊನ್ನೆ ತೋರಿಸ್ತದೆ, ಮಿಶೀನ್ ಸರಿಗೈತೆ ಅಂತ ಗೊತ್ತಾಯ್ತದೆ.’

ಬಿಲ್ಲೆ ಕೂರಿಸುವುದನ್ನು ಆಕೆ ಕಲಿತದ್ದು ದೇವರ ಮನೆ ಸಾರಿಸುವ ಶ್ರದ್ಧೆಯಿಂದ. ಎರಡೂ ಮುಖ ಒರೆಸಬೇಕು, ಒಂದು ಕಾಳು ಹಿಟ್ಟೂ ಸಿಕ್ಕಿಕೊಳ್ಳಬಾರದು. ಎಂಟು ಬೋಲ್ಟುಗಳನ್ನು ಸಾಲಾಗಿ ಅಲ್ಲ, ಎದುರುಬದುರಾಗಿ ಒಸಿ ಒಸಿಯೇ ಬಿಗಿಯಬೇಕು. ಬಿಗಿದಾದ ಮೇಲೆ, ಬಿಲ್ಲೆಯ ವೈರು ಸೇರುವ ಪೆಟ್ಟಿಗೆಯ ಅಂಕಿಯನ್ನು ಸೊನ್ನೆಗೆ ತಂದು ಆಮೇಲೆ ಎಸರು ಸುರಿಯಬೇಕು. ಸೋಮವಾರಕ್ಕೊಮ್ಮೆ ಪಾತ್ರೆಗೆ ಒಂದು ಮೀಟರಿನ ಕಂಬಿ ಅಡ್ಡಕ್ಕೆ ಕಟ್ಟಿ, ತುದಿಯ ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ, ಐದು ಕಿಲೋ ಬಟ್ಟು ತೂಗುಬಿಡಬೇಕು. ಪೆಟ್ಟಿಗೆಯ ಕೆಂಪು ಅಂಕಿ ನಲವತ್ತೊಂಬತ್ತು ತೋರಿಸಿದರೆ ಬಿಲ್ಲೆ ಸರಿಯಾಗಿದೆ ಎಂದರ್ಥ. ಏಳನೆಯ ತರಗತಿಗೆ ಶಾಲೆ ಬಿಟ್ಟವಳು ಟೆಸ್ಟ್ ಪುಸ್ತಕದಲ್ಲಿ ದುಂಡಗೆ ಅಂಕಿ ಬರೆದು, ಪಕ್ಕದಲ್ಲಿ ‘ಶಿ’ ಎಂದು ಹಾಕುತ್ತಿದ್ದಳು.

ನಾವು ಹೋಗಿದ್ದ ಆ ದಿನ ಯಂತ್ರ ತಿರುಗುತ್ತಿತ್ತು. ಹಿಟ್ಟು ಒಂದುಗೂಡುವ ಹೊತ್ತಿಗೆ ನಮ್ಮ ಚಿನ್ನಮ್ಮ, ಮೂವತ್ತು ವರ್ಷದ ಅಭ್ಯಾಸದಂತೆ, ಅಂಗೈ ಒದ್ದೆ ಮಾಡಿಕೊಂಡು ಮುದ್ದೆ ಅಂಟುತ್ತದೋ ಇಲ್ಲವೋ ನೋಡಲು ನೇರ ಪಾತ್ರೆಯೊಳಗೆ ಕೈ ಹಾಕಿದಳು. ನಾನು ಬಾಯಿ ತೆರೆಯುವ ಮೊದಲೇ ಶಿವಲಿಂಗಮ್ಮ ಆ ಮುಂಗೈಗೆ ಪಟ್ಟನೆ ಹೊಡೆದು ಈಚೆಗೆ ತಳ್ಳಿದ್ದಳು.

‘ಮುಟ್ಟಿ ನೋಡ್ದೆ ಬೆಂದದ್ದು ಹೆಂಗ್ ಗೊತ್ತಾಯ್ತದೆ ತಾಯಿ?’ ಎಂದಳು ಚಿನ್ನಮ್ಮ, ಕೈ ಉಜ್ಜಿಕೊಳ್ಳುತ್ತ, ಒಂದಿಷ್ಟು ಸಿಟ್ಟಿನಿಂದಲೇ.

ಶಿವಲಿಂಗಮ್ಮ ನವ್ಯಶ್ರೀಯ ಕಡೆ ತಿರುಗಿದಳು. ‘ನೋಡ್ದಾ? ಈ ಕೈ ಹೋಗೇ ಹೋಯ್ತದೆ. ನಾನೂ ಹಾಕ್ತೀನಿ, ನಿಮ್ಮವ್ವನೂ ಹಾಕ್ತಾಳೆ. ಜಾಲರಿ ಮುಚ್ಚಿದ್ರೆ ತೆಗೆದು ಪಕ್ಕಕ್ಕಿಟ್ಟು ಹಾಕ್ತೀವಿ. ಬುದ್ಧಿ ಹೇಳಿ ಉಪ್ಯೋಗ ಇಲ್ಲ. ಮಿಶೀನೇ ನಿಲ್ಬೇಕು.’

ಯಂತ್ರ ತಾನಾಗಿ ನಿಲ್ಲುವ ಏರ್ಪಾಡು ಬಂದದ್ದು ಆ ಮಾತಿನಿಂದ. ಮುಂಗೈಯಷ್ಟು ದಪ್ಪದ ಕಬ್ಬಿನ ತುಂಡುಗಳನ್ನು ಕೋಲಿಗೆ ಅಡ್ಡ ಕೊಟ್ಟು ನೋಡಿ ನೋಡಿ, ಅಂಕಿ ಎಪ್ಪತ್ತು ಮುಟ್ಟಿದೊಡನೆ ಮೋಟಾರು ನಿಲ್ಲುವಂತೆ ನವ್ಯಶ್ರೀ ಗೊತ್ತುಮಾಡಿದಳು. ಎಪ್ಪತ್ತಕ್ಕೆ ನಿಂತರೆ ಕಬ್ಬಿನ ಸಿಪ್ಪೆ ಜಜ್ಜುತ್ತಿತ್ತು, ಮುರಿಯುತ್ತಿರಲಿಲ್ಲ. ಎಲ್ಲ ಸರಿಹೋದ ಮೇಲೆ ಆ ಹುಡುಗಿ, ಹತ್ತು ದಿನ ಯಂತ್ರವನ್ನು ಓಡಿಸಿ ದಿನದಿನದ ಅಂಕಿ ಬರೆದಿಡಲು ಶಿವಲಿಂಗಮ್ಮನಿಗೆ ಒಪ್ಪಿಸಿ, ಪರೀಕ್ಷೆ ಬರೆಯಲು ಬೆಂಗಳೂರಿಗೆ ಹೋದಳು. ಒಂದು ಮಾತು ಹೇಳುವುದನ್ನು ಮಾತ್ರ ಮರೆತಿದ್ದಳು: ಬಿಲ್ಲೆಯ ಮೇಲೆ ಕೂತ ಪಾತ್ರೆಗೆ ಬೇರೆ ಯಾವುದೂ ತಾಕಬಾರದು. ಅದನ್ನು ಹೇಳಬೇಕೆಂದು ಅವಳಿಗೆ ಹೊಳೆದಿರಲಾರದು. ಪಾತ್ರೆ ಅಲುಗಿದರೆ ಹೆಂಗಸೊಬ್ಬಳ ಕೈ ಅತ್ತ ಹೋಗುತ್ತದೆಂಬ ಸಂಗತಿ ಡಿಪ್ಲೊಮಾದ ಪುಸ್ತಕಗಳಲ್ಲಿ ಇರುವುದಿಲ್ಲ.

ಪಾತ್ರೆ ಅಲುಗುತ್ತಿತ್ತು. ಹಿಟ್ಟು ಗಟ್ಟಿಯಾದಾಗ ಅದು ಬಿಲ್ಲೆಯ ಮೇಲೆ ಸಣ್ಣಗೆ ನಡುಗಿ ಕಟಕಟ ಸದ್ದು ಮಾಡುತ್ತಿತ್ತು. ಮೊದಲ ಸೋಮವಾರ ಬಟ್ಟು ತೂಗಿ ನಲವತ್ತೊಂಬತ್ತು ಬರೆದ ಶಿವಲಿಂಗಮ್ಮ, ಮಂಗಳವಾರ ಆ ಸದ್ದು ತಾಳಲಾರದೆ ಮಡಿಲಿನಿಂದ ಒಂದು ಚಕ್ಕೆ ತೆಗೆದು, ಬಟ್ಟೆ ಸುತ್ತಿ, ಪಾತ್ರೆಯ ಹಿಡಿಗೂ ಚೌಕಟ್ಟಿನ ಕಂಬಕ್ಕೂ ನಡುವೆ ಬಿಗಿಯಾಗಿ ಸಿಕ್ಕಿಸಿದಳು. ಸದ್ದು ನಿಂತಿತು. ಅಷ್ಟೇ ಅಲ್ಲ, ಅಂಕಿಯೂ ಇಳಿಯಿತು. ಅರವತ್ತರ ಸುತ್ತ ಇರುತ್ತಿದ್ದದ್ದು ನಲವತ್ತರ ಕೆಳಗೆ ಬಂತು. ರುದ್ರಪ್ರಸಾದ್ ಹಿಗ್ಗಿಹೋದರು. ಪಾತ್ರೆಯ ನಡುಕಕ್ಕೇ ಬಲವೆಲ್ಲ ಪೋಲಾಗುತ್ತಿತ್ತು, ಈಗ ಯಂತ್ರ ಹಗುರಾಗಿ ತಿರುಗುತ್ತಿದೆ ಎಂದು ಅವರೇ ಅರ್ಥ ಹೇಳಿದರು. ಶರೀಫನನ್ನು ಕರೆದು ಅದೇ ಅಳತೆಗೆ ಗಟ್ಟಿ ಮರದ ಬೆಣೆ ಮಾಡಿಸಿದರು. ಗೊಂಬೆಗಳೂರಿನ ಶರೀಫ್ ಬರಿಯ ಮರವನ್ನು ಬರಿಯ ಮರವಾಗಿ ಬಿಡುವವನಲ್ಲ. ಲೇತಿನ ಮೇಲೆ ತಿರುಗಿಸಿ, ಕೆಂಪು ಅರಗು ಹಚ್ಚಿ, ನಡುವೆ ಒಂದು ಹಳದಿ ಪಟ್ಟಿ ಕೊಟ್ಟು, ಹೊಳೆಯುವ ಆಟಿಕೆಯಂತೆ ತಂದುಕೊಟ್ಟ.

‘ಇದು ಎಲ್ಲಾ ಮಿಶೀನಿಗೂ ಹೋಗ್ಲಿ. ಶಿವಲಿಂಗಮ್ಮನ ಬೆಣೆ ಅಂತ್ಲೇ ಹೆಸರಿಡಾನ’ ಎಂದರು ರುದ್ರಪ್ರಸಾದ್. ಆ ತನಕ ಆಕೆಯನ್ನು ‘ನೀನು’ ಎನ್ನುತ್ತಿದ್ದವರು ಅಂದು ಮಧ್ಯಾಹ್ನ, ‘ಈ ಮಿಶೀನು ಹೊರಟ್ ಮೇಲೆ ಪೊರಕೆ ಬುಟ್ಬುಡಿ. ಟೆಸ್ಟಿಂಗು ನೀವೇ ನೋಡ್ಕಳಿ’ ಎಂದರು. ಹೊಲ ಅತ್ತೆಯ ಗಂಡನ ಹೆಸರಲ್ಲಿ, ಹಸು ಡೈರಿಯ ಪುಸ್ತಕದಲ್ಲಿ ಸಿದ್ದಗಂಗಯ್ಯನ ಹೆಸರಲ್ಲಿ, ಮಕ್ಕಳು ಅಪ್ಪನ ಇನಿಷಿಯಲ್ಲಿನಲ್ಲಿ. ನಲವತ್ತೆರಡು ವರ್ಷಕ್ಕೆ ಮೊದಲ ಸಲ ಒಂದು ವಸ್ತುವಿಗೆ ಶಿವಲಿಂಗಮ್ಮನ ಹೆಸರು ಬಿದ್ದಿತ್ತು. ಆ ವಾರ ಆಕೆ ಬಸ್ಸಿನಲ್ಲಿ ನೆಟ್ಟಗೆ ಕೂತಿದ್ದಳು ಎಂದು ಯಾರೂ ನನಗೆ ಹೇಳಿಲ್ಲ, ಆದರೆ ಕೂತಿರಲೇಬೇಕು.

ಎರಡನೆಯ ಸೋಮವಾರ ಬಂತು. ಮರುದಿನ ಬೆಳಿಗ್ಗೆ ಯಂತ್ರ ನಮ್ಮ ಹಾಸ್ಟೆಲಿಗೆ ಹೊರಡಬೇಕು. ರುದ್ರಪ್ರಸಾದ್ ಲಾರಿ ಗೊತ್ತುಮಾಡಲು ಹೋಗಿದ್ದರು, ಶರೀಫ್ ಮಧ್ಯಾಹ್ನದ ನಮಾಜಿಗೆ ಮಾಗಡಿಗೆ ಹೋಗಿದ್ದ. ಶಿವಲಿಂಗಮ್ಮ ಕಂಬಿ ಕಟ್ಟಿ, ಹಗ್ಗ ಹಾಯಿಸಿ, ಬಟ್ಟು ತೂಗುಬಿಟ್ಟಳು. ಅಂಕಿ ಮೂವತ್ತೊಂದಕ್ಕೆ ನಿಂತಿತು.

ಬಿಲ್ಲೆ ಕೆಟ್ಟಿತು ಎಂದುಕೊಂಡಳು ಮೊದಲು. ಬೋಲ್ಟುಗಳನ್ನು ಮುಟ್ಟಿ ನೋಡಿದಳು, ಸೊನ್ನೆಗೆ ತಂದು ಮತ್ತೆ ತೂಗಿದಳು. ಮೂವತ್ತೊಂದೇ. ಆಗ ಹಿಡಿಯ ಪಕ್ಕದಲ್ಲಿ ಕೆಂಪಗೆ ಕೂತಿದ್ದ ಬೆಣೆ ಕಂಡಿತು. ಎಳೆದಳು. ಬರಲಿಲ್ಲ, ಬಟ್ಟಿನ ಜಗ್ಗಿಗೆ ಪಾತ್ರೆ ಅದನ್ನು ಕಂಬಕ್ಕೆ ಒತ್ತಿ ಹಿಡಿದಿತ್ತು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಹೊರಗೆ ಬೀಳಿಸಿದಳು. ಅಂಕಿ ಜಿಗಿದು ನಲವತ್ತೊಂಬತ್ತಕ್ಕೆ ಬಂತು.

ಯಂತ್ರ ಹಗುರಾಗಿ ತಿರುಗುತ್ತಿರಲಿಲ್ಲ. ಬಿಲ್ಲೆ ಒಂದೇ ಹೊರಬೇಕಾದ ಭಾರದಲ್ಲಿ ಒಂದು ಪಾಲನ್ನು ಬೆಣೆ ಸದ್ದಿಲ್ಲದೆ ಕಂಬಕ್ಕೆ ದಾಟಿಸುತ್ತಿತ್ತು, ಪೆಟ್ಟಿಗೆ ಉಳಿದದ್ದನ್ನಷ್ಟೇ ಹೇಳುತ್ತಿತ್ತು. ಹಾಗಾದರೆ ಪೆಟ್ಟಿಗೆ ಎಪ್ಪತ್ತು ಎನ್ನುವ ಹೊತ್ತಿಗೆ ಕೋಲಿನ ನಿಜವಾದ ಬಲ ಎಷ್ಟಿರುತ್ತದೆ? ಆಕೆ ಲೆಕ್ಕ ಮಾಡಲಿಲ್ಲ. ಬೆಣೆಯನ್ನು ಮತ್ತೆ ಸಿಕ್ಕಿಸಿ, ಕಂಬಿ ಬಿಚ್ಚಿ, ಮೂಲೆಯಲ್ಲಿ ಉಳಿದಿದ್ದ ಕಬ್ಬಿನ ತುಂಡೊಂದನ್ನು ಕೋಲಿಗೆ ಅಡ್ಡ ಕೊಟ್ಟು ಸ್ವಿಚ್ಚು ಹಾಕಿದಳು. ಖಾಲಿ ಶೆಡ್ಡಿನಲ್ಲಿ ಕಬ್ಬು ಲಟಕ್ಕನೆ ಮುರಿಯಿತು. ಮೋಟಾರು ನಿಂತದ್ದು ಆಮೇಲೆ.

ಆಕೆ ಮುರಿದ ಎರಡೂ ತುಂಡುಗಳನ್ನು ಎತ್ತಿಕೊಂಡಳು. ಬೆಣೆಯನ್ನು ಸುಮ್ಮನೆ ತೆಗೆದು ಬಿಸಾಡಬಹುದಿತ್ತು. ಆದರೆ ಪಾತ್ರೆ ಕಟಕಟ ಎಂದೊಡನೆ ‘ನಿಮ್ ಬೆಣೆ ಎಲ್ಲಮ್ಮಾ?’ ಎಂದು ರುದ್ರಪ್ರಸಾದರೇ ಹುಡುಕಿ ಸಿಕ್ಕಿಸುತ್ತಿದ್ದರು. ಬಾಯಿ ಬಿಟ್ಟು ಹೇಳಿದರೆ, ಪೊರಕೆ ಹಿಡಿಯುವವಳ ಕೈಗೆ ಮಿಶೀನು ಕೊಟ್ಟದ್ದೇ ತಪ್ಪು ಎಂಬ ಮಾತು ಬರುತ್ತದೆ. ‘ನೀವು’ ಮತ್ತೆ ‘ನೀನು’ ಆಗುತ್ತದೆ. ಏನೂ ಮಾಡದೆ ಇದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಕನಕಪುರದಲ್ಲಿ ಚಿನ್ನಮ್ಮ ಅಂಗೈ ಒದ್ದೆ ಮಾಡಿಕೊಳ್ಳುವ ತನಕ. ಕೇಳಲು ಹತ್ತಿರದಲ್ಲಿ ಯಾರೂ ಇರಲಿಲ್ಲ. ಇದ್ದಿದ್ದರೂ ಆಕೆ ಕೇಳುತ್ತಿದ್ದಳೆಂದು ನನಗನ್ನಿಸುವುದಿಲ್ಲ.

ಪುಸ್ತಕ ತೆಗೆದು, ಮಂಗಳವಾರದಿಂದ ಬರೆದಿದ್ದ ಅಂಕಿಗಳ ಮೇಲೆ ಒಂದೊಂದಾಗಿ ಗೀಟು ಎಳೆದು, ಕೆಳಗೆ ಹೀಗೆ ಬರೆದಳು: ‘ಇವೆಲ್ಲಾ ಸುಳ್ಳು. ಬೆಣೆ ಭಾರ ಕದೀತಾ ಐತೆ. ಇಟ್ಟವಳು ನಾನು. ಕಬ್ಬು ಮುರೀತು, ಕೈಯೂ ಮುರೀತದೆ. ಕಳಿಸಬೇಡಿ.’ ಈ ಸಲ ‘ಶಿ’ ಎಂದು ಹಾಕಲಿಲ್ಲ. ಪೂರ್ತಿ ಹೆಸರು ಬರೆದಳು. ಆಮೇಲೆ ಬೆಣೆಯನ್ನು ಹೊರತೆಗೆದು, ಕಬ್ಬಿನ ಎರಡು ತುಂಡುಗಳ ಜೊತೆ ತೆರೆದ ಪುಟದ ಮೇಲಿಟ್ಟು, ಮೊದಲಿನಿಂದ ಅಳೆಯಲು ಎಸರಿಟ್ಟಳು.

ಯಂತ್ರ ನಮ್ಮಲ್ಲಿಗೆ ಎಂಟು ದಿನ ತಡವಾಗಿ, ಬೆಣೆಯಿಲ್ಲದೆ ಬಂತು. ಜೊತೆಗೆ ಬಂದ ಪುಸ್ತಕದಲ್ಲಿ ಆ ಪುಟವನ್ನು ನಾನೇ ಓದಿದೆ. ತಡವಾಯಿತೆಂದು ಫೋನಿನಲ್ಲಿ ಕೂಗಾಡಿದ್ದಕ್ಕೆ ನಾಚಿದೆ. ಮನೆಗಳೂ ಶೆಡ್ಡುಗಳೂ ನಿಂತಿರುವುದು ಸಂದಿಗಳಲ್ಲಿ ಸಿಕ್ಕಿಕೊಂಡು ಸದ್ದಿಲ್ಲದೆ ಭಾರ ಹೊರುವ ಇಂಥ ಹೆಂಗಸರಿಂದ. ಅವರು ಹೊತ್ತದ್ದು ಯಾವ ಅಂಕಿಗೂ ಸೇರುವುದಿಲ್ಲವಾದ್ದರಿಂದ ಎಲ್ಲವೂ ಹಗುರಾಗಿ ನಡೆಯುತ್ತಿದೆಯೆಂದು ಉಳಿದವರು ನಂಬಿರುತ್ತಾರೆ. ಹಾಗೆ ಹೊರುವವರನ್ನು ಹೊಗಳುವುದು ಸುಲಭ, ನಾವೆಲ್ಲ ಹೊಗಳಿಯೇ ಅವರನ್ನು ಅಲ್ಲಿ ಕೂರಿಸಿದ್ದೇವೆ. ಹೊಗಳಿಕೆ ಬಂದ ಮೇಲೂ ಕೈ ಹಿಂದಕ್ಕೆ ತೆಗೆದು, ನಿಜವಾದ ಭಾರ ಇಷ್ಟು, ಕಣ್ಣಿಟ್ಟು ನೋಡಿ ಎನ್ನುವವರು ಸಾವಿರಕ್ಕೊಬ್ಬರು. ನಮ್ಮ ಕೈಕಾಲು ನೆಟ್ಟಗಿರುವುದು ಅಂಥವರಿಂದ, ಮತ್ತು ಹೆಚ್ಚಿನ ಸಲ ಅವರ ಹೆಸರೂ ನಮಗೆ ತಿಳಿದಿರುವುದಿಲ್ಲ. ನನಗೆ ಒಂದು ತಿಳಿದಿದೆ.