ನಡುಗದ ಕೈ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡುವ ಕೋಣೆಗೆ ಹೆಡ್ ಸಿಸ್ಟರ್ ತಾವಾಗಿಯೇ ಇಳಿದು ಬಂದರೆಂದರೆ ಯಾರಿಗೋ ಗ್ರಹಚಾರ ಕಾದಿದೆ ಎಂದೇ ಅರ್ಥ. ಹೋದ ಸಲ ಬಂದಾಗ ಒಗೆದ ಹೊದಿಕೆಯ ಮಡಿಕೆಯಲ್ಲಿ ಯಾರದೋ ಹಲ್ಲಿನ ಸೆಟ್ಟು ಸಿಕ್ಕಿ ದೊಡ್ಡ ರಾಮಾಯಣವೇ ಆಗಿತ್ತು. ಹಾಗಾಗಿ ಆ ಬುಧವಾರ ಬೆಳಿಗ್ಗೆ ಅವರ ಬಿಳಿ ಬೂಟು ಮೆಟ್ಟಿಲ ಮೇಲೆ ಕಂಡೊಡನೆ ಇಸ್ತ್ರಿ ಅಕ್ಕ ಯಂತ್ರ ನಿಲ್ಲಿಸಿ, ತೋಳಿನಿಂದ ಮುಖದ ಬೆವರು ಒರೆಸಿಕೊಂಡು ನಿಂತಳು. ಇಪ್ಪತ್ತೆರಡು ವರ್ಷದಿಂದ ಇಲ್ಲಿ ಎಲ್ಲರ ಬಾಯಲ್ಲೂ ಅವಳು ಇಸ್ತ್ರಿ ಅಕ್ಕನೇ.

"ಇವತ್ತೇನು ಸಿಕ್ತು ಸಿಸ್ಟರ್? ಕಣ್ಣಾ, ಮೂಗಾ?"

"ತಮಾಷೆ ಆಮೇಲೆ. ನಿಮ್ಮ ಮಗಳಿಗೆ ಏನಾದ್ರೂ ಕಾಯಿಲೆ ಇದೆಯಾ ಅಕ್ಕ?"

ಮಗಳು ಮೇಲಿನ ಮಹಡಿಯಲ್ಲಿ, ರಕ್ತ ಪರೀಕ್ಷೆಯ ಕೌಂಟರಿನಲ್ಲಿ ಹೆಸರು ಬರೆದುಕೊಳ್ಳುವ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಇದು ಅವಳ ಐದನೆಯ ಕೆಲಸ.

"ರಕ್ತ ತೆಗೆಯೋದು ಕಲಿಸ್ತೀವಿ, ಆಮೇಲೆ ಕಾಯಂ ಮಾಡ್ತೀವಿ ಅಂತ ನಾನೇ ಕರೆದು ಹೇಳಿದೆ. ಬೇರೆಯವರು ಇದಕ್ಕೆ ಕಾಲು ಹಿಡೀತಾರೆ. ಇವಳು, 'ನನ್ನ ಕೈ ನಡುಗುತ್ತೆ ಸಿಸ್ಟರ್, ಆಗಲ್ಲ' ಅಂತಾಳೆ! ಸೀಸೆಗಳಿಗೆ ಅವಳು ಚೀಟಿ ಅಂಟಿಸೋದನ್ನ ದಿನಾ ನೋಡ್ತೀನಿ, ಕೂದಲೆಳೆಯಷ್ಟೂ ಆಚೀಚೆ ಆಗಲ್ಲ. ಎಲ್ಲಿಂದ ಬಂತು ನಡುಕ? ನಾಳೆ ಮಧ್ಯಾಹ್ನ ಒಂದು ಗಂಟೆಯೊಳಗೆ ನಾನು ಹೆಸರು ಕೊಡಬೇಕು. ಸ್ವಲ್ಪ ಬುದ್ಧಿ ಹೇಳಿ."

ಸಿಸ್ಟರ್ ಮೆಟ್ಟಿಲು ಹತ್ತಿ ಹೋದರು. ಇಸ್ತ್ರಿ ಅಕ್ಕ ಯಂತ್ರ ಶುರು ಮಾಡುವುದನ್ನೇ ಮರೆತು ನಿಂತಿದ್ದಳು. ಆ ನಡುಕ ಎಲ್ಲಿಂದ ಬಂತೆಂದು ಈ ಲೋಕದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಆ ಇಬ್ಬರಲ್ಲಿ ಒಬ್ಬಳು ಅವಳೇ.

ಎಂಟು ವರ್ಷದ ಹಿಂದಿನ ಮಾತು. ಹದಿನೇಳರ ಮಗಳು ಓಣಿಯ ತುದಿಯ ವಾಚ್ ರಿಪೇರಿ ಅಂಗಡಿಗೆ ಹೋಗಿ ಕುಳಿತುಕೊಳ್ಳತೊಡಗಿದ್ದಳು. ಅಂಗಡಿಯೆಂದರೆ ಬೀರುವಿನಷ್ಟಗಲ. ಓಣಿಯ ಮಕ್ಕಳಿಗೆಲ್ಲ ಅದರ ಯಜಮಾನ ವಾಚಿನ ಮಾಮ. ಅಕ್ಕಿಕಾಳಿಗಿಂತ ಚಿಕ್ಕ ಚಕ್ರಗಳನ್ನು ಚಿಮಟದಲ್ಲಿ ಎತ್ತಿ ಕೂರಿಸುವುದನ್ನು ಮಗಳು ಮೂರೇ ತಿಂಗಳಲ್ಲಿ ಕಲಿತಳು. ಮನೆಗೆ ಬಂದರೆ ಬಾಯಿ ತುಂಬ ಅದೇ ಮಾತು. ಇತ್ತ ತಾಯಿಗೆ ಒಂದೇ ಚಿಂತೆ. ಈಗ ವಾಚು ಕಟ್ಟುವವರು ಯಾರಿದ್ದಾರೆ? ತಂದೆಯಿಲ್ಲದ ಹುಡುಗಿ ಆ ಗೂಡಿನಲ್ಲಿ ಕೂತು ಕಣ್ಣು ಕಳೆದುಕೊಂಡರೆ ಗತಿಯೇನು? ಆದರೆ ತಾನು ಬೇಡವೆಂದರೆ ಮಗಳು ಹಟಕ್ಕೆ ಬಿದ್ದು ಅಲ್ಲೇ ಬೇರೂರುತ್ತಾಳೆ.

ಒಂದು ಮಧ್ಯಾಹ್ನ ಮಗಳಿಲ್ಲದ ಹೊತ್ತು ನೋಡಿ ಅಂಗಡಿಗೆ ಹೋಗಿ ಕೈಮುಗಿದಿದ್ದಳು. "ನೀವೇ ಬೇಡ ಅಂದ್ಬಿಡಿ ಅಣ್ಣ. ನಿಮ್ಮ ಮಾತು ಅಂದ್ರೆ ಅವಳಿಗೆ ದೇವರ ಮಾತು."

"ಏನಂತ ಹೇಳ್ಲಮ್ಮ? ಇಂಥ ಕೈ ನಾನು ನೋಡೇ ಇಲ್ಲ."

"ಕೈ ನಡುಗುತ್ತೆ ಅನ್ನಿ."

ವಾಚಿನ ಮಾಮ ಒಂದು ವಾರ ಹಿಂದೆಮುಂದೆ ನೋಡಿ, ಕೊನೆಗೆ ತಾಯಿಯ ಕಣ್ಣೀರಿಗೆ ಸೋತು ಹಾಗೆಯೇ ಹೇಳಿಬಿಟ್ಟ. ಹೇಳಿದ್ದು ಒಂದೇ ಸಲ. ಮಗಳು ಅದನ್ನು ಎಂಟು ವರ್ಷ ನಂಬಿದಳು. ಗಾಜಿನ ಸಾಮಾನಿನ ಅಂಗಡಿಯ ಕೆಲಸ ಬಿಟ್ಟಳು, ಕೇಕಿನ ಮೇಲೆ ಹೂ ಬಿಡಿಸುವ ಕೆಲಸಕ್ಕೆ ಕರೆದರೆ ಹೋಗಲಿಲ್ಲ. ಮನೆಯಲ್ಲಿ ಟೀ ಕೊಟ್ಟರೂ ಚೆಲ್ಲೀತೆಂದು ಅರ್ಧ ಲೋಟ. ಒಂದು ಕೆಲಸದಿಂದ ಇನ್ನೊಂದಕ್ಕೆ ಗಾಳಿಗೆ ಸಿಕ್ಕ ಕಾಗದದ ಹಾಗೆ ಹಾರುತ್ತಿದ್ದಳು. ಇವತ್ತೋ ನಾಳೆಯೋ ಹೇಳಿಬಿಡೋಣ ಎಂದುಕೊಂಡೇ ಇಸ್ತ್ರಿ ಅಕ್ಕ ಎಂಟು ವರ್ಷ ತಳ್ಳಿದ್ದಳು.

ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ಮಗಳೇ ಎದುರು ಬಂದು ಕುಳಿತಳು.

"ಸಿಸ್ಟರ್ ಕೆಳಗೆ ಬಂದಿದ್ರಂತೆ. ಚಾಡಿ ಹೇಳೋಕಾ?"

"ನಿನ್ನ ಕೈ ಎಲ್ಲಿ ನಡುಗುತ್ತೆ ಕಣೇ? ನಾನು ಹೆತ್ತವಳು, ನನಗೆ ಗೊತ್ತಿಲ್ವಾ?"

"ಹೆತ್ತವರಿಗೆ ಕತ್ತೆಮರಿನೂ ಕುದುರೆ ಹಾಗೆ ಕಾಣುತ್ತೆ." ಮಗಳು ನಕ್ಕಳು. "ಮಾಮ ಮೂವತ್ತು ವರ್ಷ ಆ ಕೆಲಸ ಮಾಡಿದವರು. ನಾನು ಬೇಜಾರು ಮಾಡ್ಕೋತೀನಿ ಅಂತ ಎಷ್ಟು ತಡವರಿಸ್ಕೊಂಡು ಹೇಳಿದ್ರು ಗೊತ್ತಾ? ಪಾಪ, ಕಣ್ಣಲ್ಲಿ ನೀರಿತ್ತು. ಸುಳ್ಳು ಹೇಳೋರಿಗೆ ಹಾಗೆ ಅಳು ಬರಲ್ಲಮ್ಮ."

ಇಸ್ತ್ರಿ ಅಕ್ಕ ಲೋಟ ಎತ್ತಿ ನೀರು ಕುಡಿದಳು. ಹೇಳಬಹುದಿತ್ತು. ಹೇಳಲಿಲ್ಲ.

ಕೆಲಸ ಮುಗಿಸಿದವಳು ನೇರವಾಗಿ ವಾಚಿನ ಮಾಮನ ಅಂಗಡಿಗೆ ನಡೆದಳು. ಮಾಮನ ಕೂದಲೆಲ್ಲ ಹಣ್ಣಾಗಿತ್ತು. ಅವಳನ್ನು ಕಂಡೊಡನೆ, ಎಂದೋ ಬರುತ್ತಾಳೆಂದು ಕಾದವನ ಹಾಗೆ, ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಗಾಜು ತೆಗೆದಿಟ್ಟ.

"ಅಣ್ಣ, ಅವಳನ್ನ ಕರೆದು ಒಂದು ಮಾತು ಹೇಳಿ. ಅವತ್ತು ನೀವು ತಪ್ಪು ತಿಳ್ಕೊಂಡಿದ್ರಿ, ಕೈ ಚೆನ್ನಾಗೇ ಇದೆ ಅಂತ. ಅಷ್ಟು ಸಾಕು."

"ಅಂದ್ರೆ ಇನ್ನೊಂದು ಸುಳ್ಳು."

"ಒಳ್ಳೇದಕ್ಕೆ ಅಲ್ವಾ?"

"ಅವತ್ತೂ ಒಳ್ಳೇದಕ್ಕೇ ಅಂದಿದ್ರಿ." ಮಾಮನ ದನಿಯಲ್ಲಿ ಸಿಟ್ಟಿರಲಿಲ್ಲ, ಆಯಾಸವಿತ್ತು. "ಅವಳು ಈ ದಾರೀಲಿ ಹೋಗುವಾಗ ಈಗಲೂ ಕೈ ಬೀಸಿ ನಗ್ತಾಳಮ್ಮ. ನಾನು ತಲೆ ಬಗ್ಗಿಸ್ಕೊಂಡು ಕೆಲಸ ಇರೋ ಹಾಗೆ ನಟಿಸ್ತೀನಿ. ಒಂದು ಸಲ ನಿಮ್ಮ ಮಾತು ನನ್ನ ಬಾಯಲ್ಲಿ ಆಡಿದ್ದಾಯ್ತು. ಇನ್ನು ನಿಮ್ಮ ಮಾತು ನೀವೇ ಆಡಿ."

ಮನೆಗೆ ಬಂದಾಗ ಮಗಳು ತರಕಾರಿ ಹೆಚ್ಚುತ್ತಿದ್ದಳು. ಇಸ್ತ್ರಿ ಅಕ್ಕ ಚಪ್ಪಲಿಯನ್ನೂ ಬಿಡದೆ, ಬಾಗಿಲಿಗೊರಗಿ ನಿಂತು, ಮಗಳ ಮುಖ ನೋಡದೆ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಕುಳಿತರೆ ಮತ್ತೆ ಬಾಯಿ ಕಟ್ಟಿಹೋಗುತ್ತದೆಂದು ಅವಳಿಗೆ ಭಯ.

ಮಗಳು ಚಾಕು ಕೆಳಗಿಟ್ಟಳು.

"ಕೈ ನಡುಗುತ್ತೆ ಅನ್ನೋ ಮಾತು ಮಾಮ ಹುಡುಕಿದ್ದಾ, ನೀನು ಹುಡುಕಿದ್ದಾ?"

"ನಾನೇ."

"ಎಷ್ಟು ದಿನ ಹುಡುಕಿದೆ?"

"ಹುಡುಕಲಿಲ್ಲ ಕಣೇ. ಹಾಗೇ ಬಾಯಿಗೆ ಬಂತು."

ಇದನ್ನು ಕೇಳಿಯೇ ಮಗಳಿಗೆ ಅಳು ಒಡೆದು ಬಂತು. "ಪಕ್ಕದ ಮನೆ ಪಾಪು ಎತ್ಕೋ ಅಂತ ನನ್ನ ಕಡೆ ಕೈ ಚಾಚ್ತಿತ್ತಲ್ಲ. ಬಿದ್ದುಹೋದೀತು ಅಂತ ನಾನು ಕೈ ಕಟ್ಕೊಂಡು ನಿಂತಿದ್ದೆ. ಆವಾಗ ನೀನು ಪಕ್ಕದಲ್ಲೇ ಇದ್ದೆ. ನೋಡ್ತಾ ಇದ್ದೆ."

"ನೋಡ್ತಾ ಇದ್ದೆ."

"ಏನನ್ನಿಸ್ತು?"

ಇಸ್ತ್ರಿ ಅಕ್ಕ ಒಂದು ಹೆಜ್ಜೆ ಮುಂದೆ ಬಂದಳು. "ಆಗಿದ್ದು ಆಗಿಹೋಯ್ತು, ನನ್ನನ್ನ ಬೇಕಾದಷ್ಟು ಬಯ್ಯಿ. ನಾಳೆ ಮಾತ್ರ ಸಿಸ್ಟರ್ ಹತ್ರ ಹೋಗಿ ಹೂಂ ಅಂದ್ಬಿಡು. ಕಾಯಂ ಕೆಲಸ..."

ಮಗಳು ಕಣ್ಣೊರೆಸಿಕೊಳ್ಳುತ್ತಲೇ ನಕ್ಕುಬಿಟ್ಟಳು. ಅಂಥ ನಗು ಅವಳ ಬಾಯಲ್ಲಿ ತಾಯಿ ಕೇಳಿರಲೇ ಇಲ್ಲ. "ನೋಡಿದ್ಯಾ? ಇನ್ನೂ ಚಪ್ಪಲಿ ಬಿಟ್ಟಿಲ್ಲ, ಆಗಲೇ ಶುರು ಮಾಡ್ದೆ." ಎದ್ದು ಒಳಗೆ ಹೋದಳು. ಬಾಗಿಲು ಹಾಕಿಕೊಳ್ಳಲಿಲ್ಲ. ಆದರೆ ತಾಯಿಗೆ ಹೊಸ್ತಿಲು ದಾಟುವ ಧೈರ್ಯವಾಗಲಿಲ್ಲ.

ಮರುದಿನ ಇಬ್ಬರೂ ಬೇರೆ ಬೇರೆ ಬಸ್ಸಿನಲ್ಲಿ ಕೆಲಸಕ್ಕೆ ಹೋದರು. ಹನ್ನೆರಡೂವರೆಗೆ ಬಿಳಿ ಬೂಟುಗಳು ಮತ್ತೆ ಮೆಟ್ಟಿಲಿಳಿದವು.

"ಏನಕ್ಕ ಇದು? ನಿಮ್ಮ ಮಗಳು ಬಂದು ಎರಡೂ ಕೈ ಚಾಚಿ, ನಡುಗುತ್ತಾ ನೋಡಿ ಸಿಸ್ಟರ್ ಅಂದ್ಲು. ಇಲ್ಲಮ್ಮ, ಕಲ್ಲಿನ ಹಾಗಿದೆ ಅಂದೆ. ಸರಿ, ಹೆಸರು ಬರೀಲಾ ಅಂದ್ರೆ, ಬೇಡ ಅಂತಾಳೆ! ಈ ಕೈಯಲ್ಲಿ ಏನು ಮಾಡ್ಬೇಕು ಅಂತ ನಾನೇ ಯೋಚಿಸ್ಬೇಕು, ಸ್ವಲ್ಪ ದಿನ ಬೇಕು ಅಂತಾಳೆ. ಮತ್ತೆ ಇಂಥ ಅವಕಾಶ ಬರೋದು ಇನ್ನೊಂದು ವರ್ಷದ ಮೇಲೇ. ಇನ್ನೂ ಅರ್ಧ ಗಂಟೆ ಇದೆ. ನೀವೊಂದು ಮಾತು ಹೇಳಿ ಅಕ್ಕ, ನೀವು ಹೇಳಿದ್ರೆ ಕೇಳ್ತಾಳೆ."

"ಕೇಳ್ತಾಳೆ ಸಿಸ್ಟರ್," ಎಂದಳು ಇಸ್ತ್ರಿ ಅಕ್ಕ. "ಅದಕ್ಕೇ ಹೇಳಲ್ಲ."

ಸಿಸ್ಟರ್ ತಲೆ ಚಚ್ಚಿಕೊಂಡು ಹೋದರು. ಇಸ್ತ್ರಿ ಅಕ್ಕ ಹೊದಿಕೆಯೊಂದನ್ನು ಯಂತ್ರಕ್ಕೆ ಕೊಟ್ಟಳು, ಆಚೆಯಿಂದ ಎಳೆದು ಮಡಿಸಿದಳು. ಮುಂದಿನದನ್ನು ಅರ್ಧಕ್ಕೇ ಬಿಟ್ಟು ಮೆಟ್ಟಿಲ ಬುಡದವರೆಗೆ ಹೋದವಳು ಹಿಂದಿರುಗಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಹೋದಳು, ಈ ಸಲ ನಾಲ್ಕು ಮೆಟ್ಟಿಲು ಹತ್ತಿಯೂ ಬಿಟ್ಟಳು, ಕಂಬಿ ಹಿಡಿದು ನಿಂತಳು, ಇಳಿದು ಬಂದಳು. ಮೂರನೆಯ ಸಲ ಹೊರಟಾಗ ಒಂದು ಗಂಟೆ ಮೀರಿ ಐದು ನಿಮಿಷವಾಗಿತ್ತು.