ಅನ್ನಪೂರ್ಣಾಳ ಮೊಣಕಾಲು

ನಮ್ಮ ತಾಲೀಮಿನಲ್ಲಿ, ಅಂದರೆ ಗರಡಿಮನೆಯಲ್ಲಿ, ಒಂದು ಪದ್ಧತಿ ಇತ್ತು. ಕುಸ್ತಿ ಕಲಿಸುವ ಉಸ್ತಾದ "ಹೆಂಗೈತಿ?" ಎಂದು ಕೇಳಿದರೆ ಪೈಲ್ವಾನ "ಆರಾಮ ಐತ್ರಿ" ಎನ್ನಬೇಕು. ಬೆರಳು ಮುರಿದಿರಲಿ, ಕಿವಿ ಹರಿದಿರಲಿ, ಬೇರೆ ಉತ್ತರ ಇಲ್ಲ. ನನ್ನ ಉಸ್ತಾದರಿಗೆ ನಾನು ಹಾಗೇ ಹೇಳಿದೆ, ನನ್ನ ಹುಡುಗರು ನನಗೆ ಹಾಗೇ ಹೇಳಿದರು. ಲಗಮಪ್ಪ ಉಸ್ತಾದನ, ಅಂದರೆ ನನ್ನ, ಕೈಯಲ್ಲಿ ತಯಾರಾದವರು ಕುಂಟುವುದಿಲ್ಲ ಎಂದು ನಮ್ಮೂರು ಹಳಿಯಾಳದಲ್ಲಿ ಜನ ಆಡಿಕೊಳ್ಳುತ್ತಿದ್ದರು. ಅದನ್ನು ಕೇಳಿ ನಾನು ಉಬ್ಬುತ್ತಿದ್ದೆ. ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು ನಾನು. ಶಿಫ್ಟು ಯಾವುದೇ ಇರಲಿ, ತಾಲೀಮು ತಪ್ಪಿಸಿದವನಲ್ಲ. ನನಗೆ ಒಬ್ಬಳೇ ಮಗಳು, ಅನ್ನಪೂರ್ಣಾ. ಹನ್ನೆರಡನೆಯ ವಯಸ್ಸಿನಲ್ಲಿ ಯಾರೂ ಹೇಳದೆ ತಾನಾಗಿಯೇ ಕೆಮ್ಮಣ್ಣಿಗೆ ಇಳಿದಳು. ಅವಳ ಅವ್ವ ಸತ್ತೆವ್ವ, "ಕಿವಿ ಮುರಕೊಂಡ್ರ ಝುಮಕಿ ಎಲ್ಲಿ ಹಾಕೂದು?" ಎಂದು ಒಂದು ವಾರ ಗೊಣಗಿದಳು. ಆಮೇಲೆ ತಾನೇ ಬಾದಾಮಿ ಅರೆದು ಹಾಲಿಗೆ ಹಾಕಿ ಕೊಡತೊಡಗಿದಳು. ಮನೆಯಲ್ಲಿ ನಾನು ಅಪ್ಪ, ತಾಲೀಮಿನ ಹೊಸ್ತಿಲು ದಾಟಿದರೆ ಅವಳಿಗೂ ಉಸ್ತಾದ. ಅಲ್ಲಿ ಅವಳು ನನಗೆ 'ರೀ' ಹಚ್ಚಿ ಮಾತಾಡುತ್ತಿದ್ದಳು, ನಾನು ಅವಳಿಗೆ ಎಲ್ಲರಿಗಿಂತ ಎರಡು ಬೈಗುಳ ಹೆಚ್ಚು ಕೊಡುತ್ತಿದ್ದೆ.

ರಾಜ್ಯ ತಂಡದ ಆಯ್ಕೆಗೆ ಇಪ್ಪತ್ತು ದಿನ ಉಳಿದಿತ್ತು. ಈ ಸಲ ಅವಳು ಆಯ್ಕೆಯಾಗುವುದು ಖಂಡಿತ ಎಂದು ಎದುರಾಳಿ ತಾಲೀಮಿನವರೇ ಒಪ್ಪಿದ್ದರು. ಒಂದು ಬೆಳಿಗ್ಗೆ ಜೋಡಿ ಕುಸ್ತಿಯಲ್ಲಿ ಅವಳ ಪಾದ ಮಣ್ಣಿನಲ್ಲಿ ಹೂತುಕೊಂಡಿತು, ಮೈ ಮಾತ್ರ ತಿರುಗಿತು. ಟಕ್ ಎಂದದ್ದು ನಾನು ನಿಂತಲ್ಲಿಗೆ ಕೇಳಿಸಿತು. ಸಂಜೆಯೊಳಗೆ ಬಲ ಮೊಣಕಾಲು ಊದಿ ಸಣ್ಣ ಕುಂಬಳಕಾಯಿಯಾಯಿತು. ಕಾಲು ಅರ್ಧಕ್ಕೆ ಮಡಚಿ ನಿಂತದ್ದು ನೆಟ್ಟಗಾಗಲೇ ಇಲ್ಲ.

ಕೀಲು ಸರಿದಿದೆ ಎಂದು ನಾನು ತೀರ್ಮಾನಿಸಿಬಿಟ್ಟೆ. ಸರಿದ ಕೀಲನ್ನು ಎಳೆದು ಕೂರಿಸುವುದು ನಮ್ಮಲ್ಲಿ ಉಸ್ತಾದನ ಕೆಲಸ. ಅವಳನ್ನು ಮಣೆಯ ಮೇಲೆ ಕೂರಿಸಿ, ಹಿಮ್ಮಡಿ ಹಿಡಿದು, ಮೊಣಕಾಲ ಮೇಲೆ ಅಂಗೈ ಊರಿ ಎಳೆದೆ. ಅವಳು ಟವೆಲ್ಲಿನ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡಿದ್ದಳು.

"ಹೆಂಗೈತಿ?"

"ಆರಾಮ ಐತ್ರಿ."

ಮರುದಿನ ಬಿಸಿ ಎಣ್ಣೆ ಹಚ್ಚಿ ತಿಕ್ಕಿದೆ. ಬಾವು ಇಳಿಯಲಿ ಎಂದು ಐವತ್ತು ಬೈಠಕ್, ಅಂದರೆ ಬಸ್ಕಿ, ಹೊಡೆಸಿದೆ. ಅವಳು ಗೋಡೆ ಹಿಡಿದು ಹೊಡೆದಳು. ನಾಲ್ಕನೆಯ ದಿನ ಮತ್ತೊಮ್ಮೆ ಎಳೆದೆ. ಸತ್ತೆವ್ವ ಒಲೆಯ ಮುಂದಿನಿಂದ ಎದ್ದು ಬಂದು ಬಾಗಿಲಲ್ಲಿ ನಿಂತಳು.

"ಡಾಕ್ಟರಿಗೆ ತೋರಸೂಣು. ಹುಡುಗಿ ಒಬ್ಬಾಕಿನ ಇದ್ದಾಗ ಅಳ್ತಾಳ."

"ಡಾಕ್ಟರ ಕೈಗೆ ಕೊಟ್ರ ಕುಸ್ತಿ ಬಿಡು ಅಂತಾರ. ಅವರಿಗೆ ಅದೊಂದ ಔಷಧ ಗೊತ್ತು," ಎಂದು ಗದರಿದೆ. ಅವಳು ಸುಮ್ಮನೆ ಒಳಗೆ ಹೋದಳು. ನನ್ನ ಬಾಯಿಗೆ ಹೆದರಿ ಸುಮ್ಮನಾದ ಜನ ಬಹಳ. ಅದನ್ನು ನಾನು ಮರ್ಯಾದೆ ಎಂದು ತಿಳಿದುಕೊಂಡಿದ್ದೆ.

ಏಳನೆಯ ದಿನ ಮುಕ್ತಾರ ಬಂದ. ಬಸ್ ಸ್ಟ್ಯಾಂಡಿನ ಹತ್ತಿರ ಅವನದೊಂದು ಗ್ಯಾರೇಜು. ಇಪ್ಪತ್ತೈದು ವರ್ಷದ ಹಿಂದೆ ನನ್ನ ತಾಲೀಮಿನ ಹುಲಿ. ಆಮೇಲೆ ಒಮ್ಮೆಲೇ ಕುಸ್ತಿ ಬಿಟ್ಟ. ನಡೆಯುವಾಗ ಸ್ವಲ್ಪ ಎಳೆಯುತ್ತಾನೆ; ಗಾಡಿಗಳ ಕೆಳಗೆ ಮಲಗಿ ಸೊಂಟ ಹಿಡಿದಿದೆ ಎನ್ನುತ್ತಿದ್ದ, ನಾನೂ ನಂಬಿದ್ದೆ. ಅವನು ಚಹಾ ಕುಡಿಯುತ್ತಿದ್ದಾಗ ಅನ್ನಪೂರ್ಣಾ ಗೋಡೆ ಹಿಡಿದುಕೊಂಡು ಬಚ್ಚಲಿನಿಂದ ಬಂದಳು. ಅವನು ಕಪ್ಪು ಕೆಳಗಿಟ್ಟ.

"ಎಳದ್ರೇನ್ರಿ ಉಸ್ತಾದ್ರ?"

"ಹೂಂ. ಎರಡ ಸಲ."

ಅವನು ಪ್ಯಾಂಟನ್ನು ಮೊಣಕಾಲಿನ ಮೇಲಕ್ಕೆ ಸರಿಸಿದ. ಎಡ ಮೊಣಕಾಲು ಗಂಟು ಗಂಟಾಗಿತ್ತು, ತೊಡೆ ಸವೆದು ಬಲಗಡೆಯದರ ಅರ್ಧವಾಗಿತ್ತು.

"ಇದು ಪೂರ್ತಿ ಮಡಚಂಗಿಲ್ರಿ. ಮಸೀದ್ಯಾಗ ಮುದುಕರ ಸಾಲಿನ್ಯಾಗ ಖುರ್ಚಿ ಹಾಕ್ಕೊಂಡು ನಮಾಜ ಮಾಡ್ತೇನಿ. ಇಪ್ಪತ್ತೆರಡನೇ ವಯಸ್ಸಿನಿಂದ."

"ಯಾವಾಗ ಆತಿದು?"

"ನೀವು ಎಳದ ಮರುದಿನದಿಂದ."

"ಅವತ್ತ ಯಾಕ ಹೇಳಲಿಲ್ಲೋ?"

"ನೀವು ಹೆಂಗೈತಿ ಅಂತ ಕೇಳಿದ್ರಿ. ನಾ ಆರಾಮ ಐತಿ ಅಂದ್ನಿ. ಮತ್ತೇನ ಹೇಳಾಕ ಬರ್ತಿತ್ತು ಅಲ್ಲಿ?" ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಸಲೀಸಾಗುತ್ತಿತ್ತು. "ನಂದು ಹೋಗ್ಲಿ ಬಿಡ್ರಿ. ನಾಳೆ ಗುರುವಾರ. ದಾಂಡೇಲಿಗೆ ಎಲುಬಿನ ಡಾಕ್ಟರು ಬರ್ತಾರ. ಈಕಿನ್ನ ಕರಕೊಂಡು ಹೋಗ್ರಿ."

ಮರುದಿನ ಬಸ್ಸಿನ ಹಿಂದಿನ ಉದ್ದ ಸೀಟಿನಲ್ಲಿ ಅವಳು ಕಾಲು ಚಾಚಿ ಕೂತಳು. ಊರು ದಾಟಿದ ಮೇಲೆ ಬಾಯಿ ಬಿಟ್ಟಳು.

"ಅಪ್ಪಾ, ಅಲ್ಲಿ ನೀ ಏನೂ ಮಾತಾಡಬ್ಯಾಡ. ನೀ ಎಳದದ್ದು, ತಿಕ್ಕಿದ್ದು ಏನೂ ಹೇಳಬ್ಯಾಡ. ಆಯ್ಕೆಗೆ ಇನ್ನ ಹನ್ನೆರಡ ದಿನ ಐತಿ. ಒಂದು ಬೆಲ್ಟ್, ನಾಕ ಗುಳಗಿ ಕೊಟ್ರ ಸಾಕು, ನಾ ಆಡ್ತೇನಿ."

ನಾನು ಟಿಕೇಟಿನ ದುಡ್ಡು ಎಣಿಸತೊಡಗಿದೆ.

ಡಾಕ್ಟರು ಮಧುಮತಿ ಎಂಬ ಹೆಣ್ಣುಮಗಳು, ನಲವತ್ತರ ಆಸುಪಾಸು. ಹೊರಗೆ ಮೂವತ್ತು ಜನ ಕಾಯುತ್ತಿದ್ದರೂ ಆಕೆ ಸಾವಧಾನವಾಗಿ ಕೇಳಿದರು.

"ಯಾವಾಗ ಬಿದ್ದಿ?"

"ನಿನ್ನೆರಿ."

"ಯಾರಾದ್ರೂ ಎಳದಾರೇನು? ಎಣ್ಣಿ ಹಚ್ಚಿ ತಿಕ್ಕಿದ್ದು?"

"ಇಲ್ರಿ."

ಡಾಕ್ಟರು ಕಾಲನ್ನು ಮೆಲ್ಲಗೆ ನೆಟ್ಟಗೆ ಮಾಡಲು ನೋಡಿದರು. ಅನ್ನಪೂರ್ಣಾಳ ಹಣೆಯ ಮೇಲೆ ಬೆವರು ಸಾಲುಗಟ್ಟಿತು. ಮಂಚದ ಅಂಚು ಹಿಡಿದ ಬೆರಳುಗಳು ಬೆಳ್ಳಗಾದವು. "ನೋವೇನವ್ವಾ?" ಎಂದರೆ "ಆರಾಮ ಐತ್ರಿ" ಎಂದಳು. ಆ ಮುಖ ನಾನು ಎಷ್ಟೋ ಸಲ ನೋಡಿದ್ದೆ, ಬೇರೆ ಬೇರೆ ಹುಡುಗರ ಮೈಮೇಲೆ. ಅದನ್ನು ನಾನು ಧೈರ್ಯ ಎಂದು ಕರೆದಿದ್ದೆ.

"ನಿನ್ನೆ ಬಿದ್ದದ್ದು ಅಂದ್ರ ಬಾವು ಬಂದು ಹಿಂಗ ಹಿಡಕೊಂಡಿರಬಹುದು," ಎಂದು ಡಾಕ್ಟರು ಬರೆಯತೊಡಗಿದರು. "ಐಸ್ ಇಡು, ಬೆಲ್ಟ್ ಹಾಕ್ಕೋ. ಹತ್ತ ದಿನ ನೋಡೂಣು."

ಹತ್ತು ದಿನ. ಆಮೇಲೆ ಆಯ್ಕೆಗೆ ಇನ್ನೂ ಎರಡು ದಿನ ಉಳಿಯುತ್ತದೆ. ಮಗಳ ಮುಖ ಅರಳಿತು. ವಾರದಿಂದ ನಗದವಳು ನನ್ನ ಕಡೆ ನೋಡಿ ನಕ್ಕಳು. ಸುಮ್ಮನಿದ್ದರೆ ಆ ನಗು ಮನೆಯ ತನಕ ಉಳಿಯುತ್ತಿತ್ತು. ಬೆಲ್ಟ್ ಕಟ್ಟಿಕೊಂಡು ಅವಳು ಮ್ಯಾಟಿಗೆ ಇಳಿಯುತ್ತಿದ್ದಳು. ಆಮೇಲೆ ಈ ಕಾಲು ಯಾವ ಖುರ್ಚಿಗೆ ಹೋಗಿ ಕೂರುತ್ತದೆ ಎಂಬುದನ್ನು ನಾನು ನಿನ್ನೆಯಷ್ಟೇ ಕಣ್ಣಾರೆ ಕಂಡಿದ್ದೆ.

ಎದ್ದು ನಿಂತೆ. "ಡಾಕ್ಟರ್ರ, ಆಕಿ ಬಿದ್ದು ಎಂಟ ದಿನ ಆತ್ರಿ."

"ಅಪ್ಪಾ!"

"ಎರಡ ಸಲ ಎಳದೈತಿ. ಬಿಸಿ ಎಣ್ಣಿ ಹಚ್ಚಿ ತಿಕ್ಕೈತಿ. ಬೈಠಕ್ ಹೊಡಸೈತಿ."

ಡಾಕ್ಟರು ಪೆನ್ನು ನಿಲ್ಲಿಸಿದರು. "ಯಾರು ಮಾಡಿದ್ದಿದು?"

ಮಗಳು 'ಬೇಡ' ಎಂದು ತಲೆಯಾಡಿಸುತ್ತಿದ್ದಳು.

"ನಾನ್ರಿ. ಇಷ್ಟ ವರ್ಷ ಎಲ್ಲಾರಿಗೂ ನಾನ ಮಾಡೇನಿ."

ಬೈಯಲಿ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಆಕೆ ಬರೆದ ಚೀಟಿಯನ್ನು ಹರಿದು ಬುಟ್ಟಿಗೆ ಹಾಕಿದರು. ಮತ್ತೆ ಕೈ ತೊಳೆದುಕೊಂಡು ಬಂದು, ಈ ಸಲ ಬಹಳ ಹೊತ್ತು ಮೊಣಕಾಲನ್ನು ಪರೀಕ್ಷಿಸಿದರು.

"ಒಳಗಿನ ಮೆತ್ತನ್ನ ಗಾದಿ ಹರದು ಕೀಲಿನ್ಯಾಗ ಸಿಕ್ಕಂಗ ಕಾಣ್ತೈತಿ. ಬಾಗಲ ಸಂದಿಯೊಳಗ ಅರಿವಿ ಸಿಕ್ಕಂಗ. ಸಿಕ್ಕಿದ್ದ ಅರಿವಿ ಜಗ್ಗಿದ್ರ ಏನಾಗತೈತ್ರಿ? ಇನ್ನಷ್ಟ ಹರೀತೈತಿ. ನಾಳೇನ ಹುಬ್ಬಳ್ಳಿಗೆ ಹೋಗಿ ಸ್ಕ್ಯಾನ್ ಮಾಡಸ್ರಿ. ಆಪರೇಷನ್ ಬೇಕಾಗತೈತಿ ಅನಸ್ತೈತಿ, ತಡಾ ಮಾಡಬ್ಯಾಡ್ರಿ. ಈಗ ಬಂದದ್ದ ಚಲೋ ಆತು, ನಡ್ಯಾಕೇನೂ ಚಿಂತಿಲ್ಲ."

"ಕುಸ್ತಿ?" ಅನ್ನಪೂರ್ಣಾ ಕೇಳಿದಳು.

"ಒಂದು ವರ್ಷ ಆದ ಮ್ಯಾಲೆ ಮಾತಾಡೂಣು, ತಂಗೀ. ಆಗದೇನೂ ಇರಬಹುದು. ಸುಳ್ಳ ಯಾಕ ಹೇಳ್ಲಿ?"

ಬಸ್ಸು ಹೊರಟ ಮೇಲೂ ಅವಳು ನನ್ನ ಕಡೆ ನೋಡಲಿಲ್ಲ. ರಸ್ತೆಯ ಎರಡೂ ಕಡೆ ಸಾಗವಾನಿ ಗಿಡ ಬರೀ ಕಡ್ಡಿಯಾಗಿ ನಿಂತಿದ್ದವು. ಕಿಟಕಿಯ ಕಡೆಗೇ ಮುಖ ಮಾಡಿ ಹೇಳಿದಳು.

"ನೀ ಸುಮ್ನ ಇದ್ದಿದ್ರ ನಾ ಆಡ್ತಿದ್ನಿ."

"ಹೌದು."

"ಗೆಲ್ತಿದ್ನಿ."

"ಹೌದವ್ವಾ. ಗೆಲ್ತಿದ್ದಿ."

ಅವಳ ಭುಜ ಅಲುಗಾಡಿತು. ಒಂಬತ್ತು ವರ್ಷದಲ್ಲಿ ನನ್ನ ಎದುರು ಅವಳು ಅತ್ತದ್ದು ಅದೇ ಮೊದಲು. ಸಮಾಧಾನ ಹೇಳಲು ನನಗೆ ಬರುವುದಿಲ್ಲ, ಯಾರೂ ಕಲಿಸಿಲ್ಲ. ಅವಳ ಕಾಲನ್ನು ಎತ್ತಿ ನನ್ನ ತೊಡೆಯ ಮೇಲೆ ಇಟ್ಟುಕೊಂಡೆ, ಬಸ್ಸು ಕುಲುಕಿದರೆ ಪೆಟ್ಟಾಗದಿರಲಿ ಎಂದು.

"ಎಲ್ಲೆಲ್ಲಿ ನೋಯ್ತೈತಿ, ಹೇಳು," ಎಂದೆ.

ಮೊದಲು ನಂಬದವಳಂತೆ ನನ್ನ ಮುಖ ನೋಡಿದಳು. ಆಮೇಲೆ ಮೊಣಕಾಲಿನ ಒಳಬದಿ ಮುಟ್ಟಿ ತೋರಿಸಿದಳು. ಅಲ್ಲಿಂದ ಎಡ ಭುಜಕ್ಕೆ ಬಂದಳು: ಹನ್ನೆರಡನೆಯ ವರ್ಷದಲ್ಲಿ ಇಳಿದ ಮೊದಲ ತಿಂಗಳೇ ಬಿದ್ದದ್ದು, ಈಗಲೂ ಆ ಮಗ್ಗಲು ಮಲಗಲು ಆಗುವುದಿಲ್ಲವಂತೆ. ಹದಿಮೂರಕ್ಕೆ ಕಿರುಬೆರಳು. ಅದೇ ವರ್ಷ ಪಕ್ಕೆಲುಬು, ಉಸಿರು ಎಳೆದರೆ ಚುಚ್ಚುತ್ತಿತ್ತಂತೆ, ಆವತ್ತೂ ನಾನು ನೂರು ಬೈಠಕ್ ಹೊಡೆಸಿದ್ದೆನಂತೆ. ನನಗೆ ನೆನಪಿರಲಿಲ್ಲ. ನಡುವೆ ತಡೆಯದೆ ಕೇಳಿದೆ. ಹಳಿಯಾಳದ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದು ಹೋಗಿ ಕಂಡಕ್ಟರ ನಮ್ಮನ್ನು ಕೂಗಿದಾಗ ಅವಳು ಇನ್ನೂ ಹದಿನಾರನೆಯ ವರ್ಷದ ನೋವು ಹೇಳುತ್ತಿದ್ದಳು. ಅವಳಿಗೀಗ ಇಪ್ಪತ್ತೊಂದು.